ಫ್ಲೋರಿನ್‌ರಹಿತ ಫೋಮ್ ತುಂಬಿದ ಟ್ಯಾಂಕಿನಲ್ಲಿ ಫ್ಲೋರಿನ್: ದೂರು

ಇವರಿಂದ:
ಸುರಕ್ಷತಾ ಅಧಿಕಾರಿ, ದ್ರಾವಕ ಸಂಗ್ರಹ ಘಟಕ, ಬೈಕಂಪಾಡಿ, ಮಂಗಳೂರು

ಇವರಿಗೆ:
ಸೇವಾ ವಿಭಾಗದ ವ್ಯವಸ್ಥಾಪಕರು, ಅಗ್ನಿಶಾಮಕ ಫೋಮ್ ಪೂರೈಕೆ ಸಂಸ್ಥೆ

ವಿಷಯ: ಟ್ಯಾಂಕನ್ನು ಸರಿಯಾಗಿ ಶುದ್ಧಗೊಳಿಸದೆ ಹೊಸ ಫೋಮ್ ತುಂಬಿರುವ ಬಗ್ಗೆ

ಮಾನ್ಯರೇ,

ನಮ್ಮ ಘಟಕದ ಹಳೆಯ ಎಎಫ್‌ಎಫ್‌ಎಫ್ (ನೀರಿನ ಪೊರೆ ಹರಡುವ, ಫ್ಲೋರಿನ್‌ಯುಕ್ತ) ಫೋಮನ್ನು ತೆಗೆದು, ಟ್ಯಾಂಕು ಮತ್ತು ಪೈಪುಗಳನ್ನು ಶುದ್ಧಗೊಳಿಸಿ, ಆಲ್ಕೋಹಾಲ್ ತಾಳುವ ಫ್ಲೋರಿನ್‌ರಹಿತ ಫೋಮ್ ತುಂಬಿಕೊಡುವ ಕೆಲಸವನ್ನು ತಮಗೆ ವಹಿಸಿದ್ದೆವು. ಕೆಲಸ ಮುಗಿದ ಮೇಲೆ ಟ್ಯಾಂಕಿನಿಂದ ತೆಗೆದ ಮಾದರಿಯಲ್ಲಿ ಸಾವಯವ ಫ್ಲೋರಿನ್ ಇರುವುದನ್ನು ಪ್ರಯೋಗಾಲಯ ಪತ್ತೆಹಚ್ಚಿದೆ. ತಾವೇ ಕಳುಹಿಸಿದ, ಸೀಲ್ ಒಡೆಯದ ಡ್ರಮ್ಮಿನ ಮಾದರಿಯಲ್ಲಿ ಅದು ಕಂಡುಬಂದಿಲ್ಲ. ಆದ್ದರಿಂದ ನಮ್ಮ ತಕರಾರು ಸರಕಿನ ಮೇಲಲ್ಲ, ಅದನ್ನು ತುಂಬಿದ ರೀತಿಯ ಮೇಲೆ.

ಹಳೆಯ ಫೋಮಿನಲ್ಲಿದ್ದ ಫ್ಲೋರಿನ್‌ಯುಕ್ತ ಸರ್ಫ್ಯಾಕ್ಟಂಟ್‌ಗಳು (ದ್ರವದ ಮೇಲ್ಮೈ ಸೆಳೆತ ತಗ್ಗಿಸುವ ರಾಸಾಯನಿಕಗಳು) ಟ್ಯಾಂಕು, ಪೈಪು ಮತ್ತು ನೀರಿಗೆ ಫೋಮನ್ನು ಅಳತೆಯಲ್ಲಿ ಬೆರೆಸುವ ಪ್ರೊಪೋರ್ಷನರ್‌ಗಳ ಒಳಮೈಗೆ ಪದರವಾಗಿ ಅಂಟಿಕೊಂಡು, ಒಮ್ಮೆ ನೀರು ಹಾಯಿಸಿದ ಮಾತ್ರಕ್ಕೆ ಬಿಡದೆ, ನಂತರ ಹೊಸ ದ್ರಾವಣಕ್ಕೆ ನಿಧಾನವಾಗಿ ಇಳಿಯುತ್ತವೆ ಎಂಬುದು ಈ ವ್ಯಾಪಾರದಲ್ಲಿರುವ ತಮಗೆ ಗೊತ್ತಿರಲೇಬೇಕು. ಆದರೂ ತಮ್ಮ ಸಿಬ್ಬಂದಿ ಹಳೆಯದನ್ನು ಬಸಿದು, ಒಮ್ಮೆ ನೀರು ಬಿಟ್ಟು, ಅದೇ ದಿನ ಹೊಸದನ್ನು ಸುರಿದು ಹೋದರು. ತೊಳೆದ ನೀರನ್ನು ಎಲ್ಲಿ ವಿಲೇವಾರಿ ಮಾಡಿದರೆಂಬ ದಾಖಲೆಯನ್ನೂ ಕೊಟ್ಟಿಲ್ಲ. ಮುರಕಲ್ಲಿನ ಈ ನೆಲದಲ್ಲಿ ಸುರಿದ ನೀರು ಬಾವಿಗಳ ಕಡೆಗೆ ಇಳಿಯಲು ಹೆಚ್ಚು ಕಾಲ ಬೇಕಾಗಿಲ್ಲ.

ದೂರವಾಣಿಯಲ್ಲಿ ವಿಚಾರಿಸಿದಾಗ, ಹಳೆಯ ಫೋಮಿನಲ್ಲೂ ಪಿಎಫ್‌ಒಎಸ್ ಎಂಬ ಫ್ಲೋರಿನ್‌ಯುಕ್ತ ರಾಸಾಯನಿಕ ಇರಲಿಲ್ಲವಾದ್ದರಿಂದ ಚಿಂತಿಸಬೇಕಾಗಿಲ್ಲ ಎಂಬ ಉತ್ತರ ಬಂತು. ಇದು ಉತ್ತರವಲ್ಲ, ಜಾರಿಕೆ. ಪರಿಸರದಲ್ಲಿ ಸುಲಭವಾಗಿ ನಾಶವಾಗದ ಹಾನಿಕಾರಕ ರಾಸಾಯನಿಕಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2009ರಲ್ಲಿ ಪಿಎಫ್‌ಒಎಸ್ ಸೇರಿದರೆ, ಅದೇ ಗುಂಪಿನ ಪಿಎಫ್‌ಒಎ 2019ರಲ್ಲಿ, 2022ರಲ್ಲಿ ಪಿಎಫ್‌ಹೆಚ್‌ಎಕ್ಸ್‌ಎಸ್ ಸೇರಿದವು. ಪಿಎಫ್‌ಒಎಸ್ ಇಲ್ಲದ ಸಿ6 ಫೋಮ್ (ಆರು ಕಾರ್ಬನ್‌ಗಳ ಚಿಕ್ಕ ಸರಪಳಿಯ ರಾಸಾಯನಿಕ ಬಳಸುವ ಫೋಮ್) ಕೂಡ ಫ್ಲೋರಿನ್‌ಯುಕ್ತವೇ.

ಇನ್ನೊಂದು ಲೋಪ ಬೆಂಕಿಯ ಹೊತ್ತಿನಲ್ಲಿ ಹೆಚ್ಚು ಅಪಾಯಕಾರಿ. ಎಎಫ್‌ಎಫ್‌ಎಫ್ ಪೆಟ್ರೋಲಿಯಂ ಇಂಧನದ ಮೇಲೆ ತೆಳು ನೀರಿನ ಪೊರೆಯನ್ನು ಹರಡುತ್ತದೆ. ಫ್ಲೋರಿನ್‌ರಹಿತ ಫೋಮಿಗೆ ಆ ಅನುಕೂಲವಿಲ್ಲ, ಗುಳ್ಳೆಗಳ ಹೊದಿಕೆಯೇ ಅದರ ಮುಖ್ಯ ಆಧಾರ. ನಮ್ಮಲ್ಲಿರುವ ಐಸೊಪ್ರೊಪೈಲ್ ಆಲ್ಕೋಹಾಲಿಗಾಗಿ ಗೋಂದು ಬೆರೆಸಿದ ಈ ದ್ರಾವಣ ಹಳೆಯದಕ್ಕಿಂತ ಮಂದವಾಗಿದೆ. ಹಳೆಯ ಪ್ರೊಪೋರ್ಷನರ್ ಇದನ್ನು ಶೇ. 3ರ ಪ್ರಮಾಣದಲ್ಲಿ ಎಳೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸದೆಯೇ ಕೆಲಸ ಪೂರ್ಣಗೊಂಡಿದೆಯೆಂದು ಬಿಲ್ ಕಳುಹಿಸಿದ್ದೀರಿ.

ಟ್ಯಾಂಕನ್ನು ಖಾಲಿ ಮಾಡಿ, ಸೂಕ್ತ ಶುದ್ಧೀಕರಣ ದ್ರಾವಣದಿಂದ ತೊಳೆದು, ಕೊನೆಯ ತೊಳೆನೀರಿನ ಪರೀಕ್ಷಾ ವರದಿ ನೀಡಿ, ಹೊಸ ಫೋಮನ್ನು ತಮ್ಮ ಖರ್ಚಿನಲ್ಲೇ ತುಂಬಿ, ನಮ್ಮೆದುರಿನಲ್ಲಿ ಮಿಶ್ರಣದ ಪ್ರಮಾಣ ಪರೀಕ್ಷಿಸಬೇಕು. ತೊಳೆನೀರಿನ ವಿಲೇವಾರಿಯ ಹೊಣೆಯೂ ತಮ್ಮದು. ಈ ಅವಧಿಯಲ್ಲಿ ಘಟಕಕ್ಕೆ ಬದಲಿ ಅಗ್ನಿಶಾಮಕ ವ್ಯವಸ್ಥೆಯನ್ನೂ ಒದಗಿಸಬೇಕು. 15 ದಿನಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇವೆ. ಕೆಲಸ ಮುಗಿಯುವವರೆಗೆ ಬಾಕಿ ಹಣ ಪಾವತಿಯಾಗುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಸುರಕ್ಷತಾ ಅಧಿಕಾರಿ

ಲಗತ್ತು: ಎರಡೂ ಮಾದರಿಗಳ ಪ್ರಯೋಗಾಲಯ ವರದಿ, ಖರೀದಿ ಆದೇಶದ ಪ್ರತಿ