ತೋಟದೊಳಗೆ ಬಿಟ್ಟುಕೊಂಡವರಿಗೆಲ್ಲ ಥ್ಯಾಂಕ್ಸ್

ಹೋದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಮಳೆಗಾಲದಲ್ಲಿ ಕಾಯಿ ಕೊಳೆಸುವ ಕೊಳೆರೋಗಕ್ಕೆ ಅಂತ ವರ್ಷಾನುಗಟ್ಟಲೆ ಬೋರ್ಡೋ (ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್, ಸುಣ್ಣ ಕಲಸಿದ ಔಷಧಿ) ಹೊಡೆದ ಅಡಿಕೆ ತೋಟದ ಮಣ್ಣಿನಲ್ಲಿ ತಾಮ್ರ ಎಷ್ಟು ಉಳಿದಿದೆ, ಸತು, ಕಬ್ಬಿಣ, ಮ್ಯಾಂಗನೀಸ್‌ನಂಥ ಲಘು ಪೋಷಕಾಂಶಗಳ ಗತಿ ಏನು ಅನ್ನೋದು ನನ್ನ ವಿಷಯ. ಗೈಡ್‌ಗೆ, ವಿಭಾಗಕ್ಕೆ, ಫೆಲೋಶಿಪ್ ಕೊಟ್ಟವರಿಗೆ ಥೀಸಿಸ್ಸಿನ ಮೊದಲ ಪುಟಗಳಲ್ಲಿ ಇಂಗ್ಲಿಷಿನಲ್ಲಿ ವಂದನೆ ಹೇಳಿಯಾಗಿದೆ. ಆ ಪುಟ ಯಾರ ಕೈಗೆ ಹೋಗುವುದಿಲ್ಲವೋ ಅವರಿಗೆ ಇದು.

ಮೊದಲ ನಮಸ್ಕಾರ ತೀರ್ಥಹಳ್ಳಿ, ಹೊಸನಗರ ಕಡೆಯ ಬೆಳೆಗಾರರಿಗೆ. ಅಡಿಕೆ ಸುತ್ತ ಮೊದಲೇ ನೂರೆಂಟು ಮಾತು. ಅಂಥದ್ದರಲ್ಲಿ ಯಾರೋ ಹುಡುಗಿ ಬಂದು "ನಿಮ್ಮ ಮಣ್ಣಲ್ಲಿ ಭಾರಲೋಹ ಜಾಸ್ತಿ ಇದೆಯಾ ನೋಡ್ತೀನಿ" ಅಂದರೆ ಯಾರಿಗೆ ಖುಷಿಯಾಗುತ್ತದೆ? "ನಾಳೆ ಪೇಪರಲ್ಲಿ ನಮ್ಮೂರ ಹೆಸರು ಬಂದ್ರೆ ರೇಟ್ ಬೀಳಲ್ವೇನಮ್ಮಾ?" ಅಂತ ಕೇಳಿದವರಿದ್ದರು. ಕೇಳಿದ್ದು ಸರಿಯೇ. ಕೇಳಿಯೂ ಒಳಗೆ ಬಿಟ್ಟರು, ಊಟಕ್ಕೂ ಕೂರಿಸಿದರು.

ಅವರಲ್ಲಿ ಒಬ್ಬ ಅಜ್ಜನಿಗೆ ನನ್ನ ಒಂದಿಡೀ ಅಧ್ಯಾಯದ ಋಣವಿದೆ. ಅವರು ತೋಟದ ಖರ್ಚಿನ ಪುಸ್ತಕಗಳನ್ನು ಎಸೆದಿರಲಿಲ್ಲ. ಯಾವ ಮಳೆಗಾಲಕ್ಕೆ ಎಷ್ಟು ಮೈಲುತುತ್ತ ತಂದರು, ಎಷ್ಟು ಸುಣ್ಣ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನ ಕೂಲಿ ಎಷ್ಟು, ಎಲ್ಲ ಬರೆದಿಟ್ಟಿದ್ದರು. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ. ಅದು ಕೊಳೆತು ಹೋಗುವ ವಸ್ತುವಲ್ಲ. ಗೊನೆಯಿಂದ ಮಳೆಗೆ ತೊಳೆದು ಬಿದ್ದದ್ದು ಬಹುಪಾಲು ಮೇಲ್ಮಣ್ಣಿಗೇ ಅಂಟಿ ಕೂರುತ್ತದೆ. ಆ ಪುಸ್ತಕಗಳು ಸಿಗದಿದ್ದರೆ ಆ ತೋಟಕ್ಕೆ ಬಿದ್ದ ತಾಮ್ರದ ಲೆಕ್ಕವನ್ನು ನಾನು ಸುಮ್ನೆ ಅಂದಾಜಿಗೆ ಬರೆಯಬೇಕಿತ್ತು.

ಔಷಧಿ ಸರಿಯಾಗಿದೆಯಾ ಅಂತ ಅಜ್ಜ ನೋಡುವ ರೀತಿಯನ್ನೂ ಹೇಳಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಕಲಸಿದ ಮೇಲೆ ಉಜ್ಜಿ ತೊಳೆದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿಡುತ್ತಾರೆ. ಅಲುಗಿನ ಮೇಲೆ ಕೆಂಪು ಬಣ್ಣ ಹತ್ತಿದರೆ "ಇನ್ನೂ ಸುಣ್ಣ ಹಾಕು" ಅನ್ನುತ್ತಾರೆ. ಸುಣ್ಣಕ್ಕೆ ಸಿಗದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುವುದು ಅದು. ಹಾಗೇ ಹೊಡೆದರೆ ಗೊನೆ ಸುಡುತ್ತದೆ. ಇದನ್ನೇ ನಾನು ಕಾಲೇಜಿನಲ್ಲಿ ಸಮೀಕರಣ ಬರೆದು ಪಾಸಾಗಿದ್ದೆ, ಕಣ್ಣಾರೆ ನೋಡಿದ್ದು ಅಜ್ಜನ ಡ್ರಮ್ಮಿನಲ್ಲಿ.

ಈ ಔಷಧಿ ನಮ್ಮ ಕಡೆಗೆ ಬಂದದ್ದೂ ಒಂದು ಸಂಶೋಧನೆಯಿಂದಲೇ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿದರು. ಅದಕ್ಕೆ ಮುಂಚೆ ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದೇ ಗತಿ. ಹಾಗಾಗಿ ನಾನು ಬೋರ್ಡೋ ಬಿಡಿ ಅನ್ನುವವಳಲ್ಲ. ಕೊಳೆ ಬಂದ ವರ್ಷ ಏನಾಗುತ್ತದೆ ಅಂತ ಗೊತ್ತಿದ್ದವರು ಹಾಗೆ ಹೇಳುವುದೂ ಇಲ್ಲ. ಅಡಿಕೆ ಮರಕ್ಕೂ ಚೂರು ತಾಮ್ರ ಬೇಕು. ಜಾಸ್ತಿಯಾದರೆ ಬೇರಿಗೂ ಎರೆಹುಳಕ್ಕೂ ಕಷ್ಟ, ಅದರಲ್ಲೂ ನಮ್ಮ ಹುಳಿಮಣ್ಣಿನಲ್ಲಿ. ಮಣ್ಣು ಪರೀಕ್ಷೆ ಮಾಡಿಸದೆ ತಾಮ್ರ ಇರುವ ಪೋಷಕಾಂಶದ ಪ್ಯಾಕೆಟ್ ತಂದು ಬುಡಕ್ಕೆ ಸುರಿಯಬೇಡಿ ಅನ್ನೋದಷ್ಟೇ ನನ್ನ ತಕರಾರು.

ಮಣ್ಣು ತೆಗೆಯಲು ಬಂದ ಅಣ್ಣಂದಿರಿಗೆ ನಾನು ದೊಡ್ಡ ಕಾಟ. ಗುದ್ದಲಿ ತಾಗಿದ ಮಣ್ಣನ್ನು ಬಿದಿರಿನ ದಬ್ಬೆಯಿಂದ ಕೆರೆದು ಎಸೆಯಿರಿ, ಕಬ್ಬಿಣದ ಬಕೆಟ್ ಬೇಡ, ಅದರ ಸತುವಿನ ಲೇಪ ಮಣ್ಣಿಗೆ ಹತ್ತುತ್ತದೆ ಅಂತೆಲ್ಲ ಗೋಳು ಹೊಯ್ದುಕೊಂಡಿದ್ದೇನೆ. ಆಮೇಲಾಮೇಲೆ ಅವರೇ ನನಗೆ "ಮೇಡಂ, ಕೈಯಲ್ಲಿ ಉಂಗುರ" ಅಂತ ನೆನಪಿಸತೊಡಗಿದರು. ಸುರಿಯುವ ಮಳೆಯಲ್ಲಿ ಮಣ್ಣು ಒಣಗಿಸಲು ಉಪ್ಪರಿಗೆ ಬಿಟ್ಟುಕೊಟ್ಟ ಅಕ್ಕನಿಗೂ ಋಣಿ. ಮಣ್ಣು ತುಂಬಿದ ಪೇಪರ್ ತಟ್ಟೆಗಳ ಮಧ್ಯೆ ಹಪ್ಪಳದ ಡಬ್ಬ ಹುಡುಕುವುದು ಸುಲಭವಲ್ಲ.

ಲ್ಯಾಬಿನ ಅಟೆಂಡರ್ ಅಣ್ಣ ನನ್ನ ಪ್ರತಿ ಬಾಟಲಿಯನ್ನೂ ರಾತ್ರಿಯಿಡೀ ನೈಟ್ರಿಕ್ ಆಮ್ಲದಲ್ಲಿ ನೆನೆಸಿ, ಡಿಸ್ಟಿಲ್ಡ್ ನೀರಲ್ಲಿ ತೊಳೆದು ಇಟ್ಟರು. ಪೌಡರ್ ಹಚ್ಚಿದ ಗ್ಲೌಸ್ ಹಾಕಿಕೊಂಡು ಯಾರಾದರೂ ಒಳಗೆ ಬಂದರೆ ಬಾಗಿಲಲ್ಲೇ ತಡೆಯುತ್ತಿದ್ದರು. ಆ ಪೌಡರಿನಲ್ಲೂ ಸತು ಇರಬಹುದಲ್ವಾ? ಬ್ಲ್ಯಾಂಕ್ (ಮಣ್ಣು ಹಾಕದೆ ಮಾಡುವ ಖಾಲಿ ಪರೀಕ್ಷೆ) ಶುದ್ಧವಾಗಿ ಬಂದಿದ್ದಕ್ಕೆ ಪರೀಕ್ಷಕರು ನನ್ನನ್ನು ಹೊಗಳಿದರು. ಹೊಗಳಿಕೆ ಸೇರಬೇಕಾದದ್ದು ಇವರಿಗೆ.

ನಡುವೆ ಒಮ್ಮೆ ಅಳತೆಯ ಯಂತ್ರ ಕೆಟ್ಟು ಕೂತಿತು, ಬಿಡಿಭಾಗ ಬರಲೇ ಇಲ್ಲ. ಆಗ ಬೇರೆ ಲ್ಯಾಬಿನ ಹಿರಿಯರೊಬ್ಬರು ತಮ್ಮ ಕೆಲಸ ಮುಗಿದ ಮೇಲೆ ರಾತ್ರಿ ಯಂತ್ರ ಬಿಟ್ಟುಕೊಟ್ಟರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಿಲ್ಲ. ಅಮ್ಮ "ಯಾವಾಗ ಮುಗಿಯುತ್ತೆ" ಅಂತ ಒಮ್ಮೆಯೂ ಕೇಳಲಿಲ್ಲ. ನೆಂಟರು ಆ ಕೊರತೆ ತುಂಬಿದರು.

ಮಣ್ಣಿನ ಮಾದರಿ ಕೊಟ್ಟ ಪ್ರತಿ ಮನೆಗೂ ಅವರವರ ತೋಟದ ಅಂಕಿಗಳನ್ನು ಕನ್ನಡದಲ್ಲಿ ಬರೆದು ಮೊದಲ ಔಷಧಿ ಹೊಡೆಯುವುದರೊಳಗೆ ತಲುಪಿಸುತ್ತೇನೆ. ಪಕ್ಕದ ತೋಟದ್ದು ಎಷ್ಟು ಬಂತು ಅಂತ ಮಾತ್ರ ಕೇಳಬೇಡಿ, ಹೇಳಲ್ಲ.