ಮಂಜು ಕಾರ್ಡಿನ ವಿಷಯ

ಅಪ್ಪನಿಗೆ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ?

ಕ್ರೆಡಿಟ್ ಕಾರ್ಡ್ ಮುಟ್ಟಕೂಡದು, ಡೆಬಿಟ್ ಕಾರ್ಡೇ ಸಾಕು ಅಂತ ಮಂಜು ಹತ್ತಿರ ಭಾಷೆ ತಗೊಂಡಿದ್ದೀರಂತೆ. ದಯವಿಟ್ಟು ಅದನ್ನು ವಾಪಸ್ ತಗೊಳ್ಳಿ. ಅಮೆರಿಕದಲ್ಲಿ ಲೆಕ್ಕ ತಿರುವುಮುರುವು.

ಇಲ್ಲಿ ಹೋಟೆಲಿನ ಮಾಣಿ ಕಾರ್ಡ್ ಇಸಕೊಂಡು ಒಳಗೆ ಹೋಗಿಬಿಡುತ್ತಾನೆ, ಪಿನ್ ಕೇಳುವುದಿಲ್ಲ. ಆನ್‌ಲೈನಿನಲ್ಲೂ ಬಹುತೇಕ ಓಟಿಪಿ ಇಲ್ಲ. (ನಮ್ಮ ಊರಿನ ಪದ್ಧತಿಯೇ ವಾಸಿ ಅಂತ ಇಲ್ಲಿಯವರಿಗೆ ಹೇಳಿದರೆ ನಂಬುವುದಿಲ್ಲ.) ಡೆಬಿಟ್ ಕಾರ್ಡಿನ ನಂಬರ್ ಕದ್ದರೆ ಖಾಲಿಯಾಗುವುದು ಅವನ ಬಾಡಿಗೆ ದುಡ್ಡು. ವಿಚಾರಣೆಗೆ ಬ್ಯಾಂಕಿಗೆ 10 ಕೆಲಸದ ದಿನ ಸಮಯವಿದೆ, ಹೊಸ ಖಾತೆಯಾದರೆ 20. ಕಾರ್ಡೇ ಕಳೆದರೆ, ತಿಳಿದ 2 ಕೆಲಸದ ದಿನದೊಳಗೆ ಹೇಳಬೇಕು. ಆಗ ಅವನ ಹೊಣೆ ಹೆಚ್ಚೆಂದರೆ 50 ಡಾಲರ್. ತಡಮಾಡಿದರೆ 500. ಸ್ಟೇಟ್‌ಮೆಂಟ್ ಕಳಿಸಿ 60 ದಿನವಾದರೂ ಸುಮ್ಮನಿದ್ದರೆ ಆಮೇಲಿನ ನಷ್ಟಕ್ಕೆ ಮಿತಿಯೇ ಇಲ್ಲ. ಕ್ರೆಡಿಟ್ ಕಾರ್ಡಿಗೆ ಕಾನೂನು ಹಾಕಿರುವ ಮಿತಿ 50 ಡಾಲರ್, ಜೊತೆಗೆ ತಕರಾರು ಮುಗಿಯುವ ತನಕ ಆ ಮೊತ್ತ ಕಟ್ಟಬೇಕಿಲ್ಲ.

ಇನ್ನೊಂದು ವಿಚಿತ್ರ: ಸಾಲವೇ ಮಾಡದವನನ್ನು ಇಲ್ಲಿ ಯಾರೂ ನಂಬುವುದಿಲ್ಲ! ಮನೆ ಬಾಡಿಗೆಗೆ ಕೊಡುವವರೂ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ಸರಿಯಾಗಿ ತೀರಿಸುತ್ತಾನಾ ಅಂತ ಹೇಳುವ ಅಂಕಿ, ನೋಡುತ್ತಾರೆ. 300ರಿಂದ 850ರವರೆಗಿನ ಆ ಅಂಕಿಗೆ ಡೆಬಿಟ್ ಕಾರ್ಡ್ ಎಷ್ಟು ಉಜ್ಜಿದರೂ ಲೆಕ್ಕಕ್ಕಿಲ್ಲ. ಊರಿನ ಸಿಬಿಲ್ ಸ್ಕೋರ್ ಕೂಡ ಸಾಮಾನ್ಯವಾಗಿ ಕೆಲಸಕ್ಕೆ ಬಾರದು.

ಹಾಗಾಗಿ ಅವನು 200 ಡಾಲರ್ ಠೇವಣಿ ಇಟ್ಟು ಸೆಕ್ಯೂರ್ಡ್ ಕ್ರೆಡಿಟ್ ಕಾರ್ಡ್ ತಗೊಳ್ಳಲಿ. ಖರ್ಚಿನ ಮಿತಿಯೂ ಸಾಮಾನ್ಯವಾಗಿ ಅಷ್ಟೇ ಇರುತ್ತದೆ, ಮೈಮೇಲೆ ಸಾಲ ಏರುವ ಭಯವಿಲ್ಲ. ಸ್ಟೇಟ್‌ಮೆಂಟ್ ಬರುವ ದಿನ ಬಾಕಿ ಸುಮಾರು 60 ಡಾಲರ್ (ಮಿತಿಯ ಶೇ 30) ದಾಟಿದ್ದರೆ ಸ್ಕೋರ್ ಕುಗ್ಗಬಹುದು, ದಾಟುವ ಹಾಗಿದ್ದರೆ ಮೊದಲೇ ಸ್ವಲ್ಪ ಕಟ್ಟಿಬಿಡಲಿ. ಬಿಲ್ ತಾನಾಗಿ ಕಟ್ಟಿಹೋಗುವ ಆಟೋಪೇ ಹಾಕುವಾಗ ಜನ ಎಡವುವುದು ಒಂದೇ ಕಡೆ: ‘ಮಿನಿಮಮ್ ಪೇಮೆಂಟ್’ ಒತ್ತಿ ನಿಶ್ಚಿಂತೆಯಾಗಿಬಿಡುತ್ತಾರೆ, ಉಳಿದದ್ದಕ್ಕೆ ಬಡ್ಡಿ ಬೆಳೆಯುತ್ತಾ ಹೋಗುತ್ತದೆ. ಅವನು ‘ಸ್ಟೇಟ್‌ಮೆಂಟ್ ಬ್ಯಾಲೆನ್ಸ್’ ಒತ್ತಬೇಕು. ಹಾಗೆ ಪೂರ್ತಿ ಕಟ್ಟಿದರೆ ಸಾಮಾನು ಕೊಂಡದ್ದಕ್ಕೆ ಒಂದು ಪೈಸೆ ಬಡ್ಡಿ ಇಲ್ಲ, ನಿಜವಾಗಿ ಇಲ್ಲ ಅಪ್ಪ. ಆರು ತಿಂಗಳಿಗೆ ಸ್ಕೋರ್ ಹುಟ್ಟುತ್ತದೆ. ಆ ಕಾರ್ಡಿನಲ್ಲಿ ಎಟಿಎಂ ದುಡ್ಡು ಮಾತ್ರ ತೆಗೆಯಕೂಡದು, ಬಡ್ಡಿ ಅವತ್ತೇ ಶುರು. ಅದಕ್ಕೆ ಡೆಬಿಟ್ ಕಾರ್ಡ್ ಇರಲಿ.

ಪೆಟ್ರೋಲ್ ಬಂಕಿನಲ್ಲೂ ಕ್ರೆಡಿಟ್ ಕಾರ್ಡೇ ವಾಸಿ. ಇಪ್ಪತ್ತು ಡಾಲರಿನ ಪೆಟ್ರೋಲಿಗೆ 175 ಡಾಲರ್ ತನಕ ತಡೆಹಿಡಿಯುತ್ತಾರೆ. ಡೆಬಿಟ್ ಆದರೆ ಅಷ್ಟು ದುಡ್ಡು ಖಾತೆಯಲ್ಲಿದ್ದೂ ಇಲ್ಲದ ಹಾಗೆ.

ಅಂದ ಹಾಗೆ, ನಿಮ್ಮ ಪೆನ್ಷನ್ ಖಾತೆಯ ಕಾರ್ಡಿನ ಕವರ್ ಮೇಲೆ ಬರೆದಿಟ್ಟ ಪಿನ್ ಅಳಿಸಿದಿರಾ? ವಿದೇಶಿ ಬಳಕೆ, ಆನ್‌ಲೈನ್ ಎರಡನ್ನೂ ಆ್ಯಪಿನಲ್ಲಿ ಆಫ್ ಮಾಡಿಸಿ. ಏನಾದರೂ ಆದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ.

ಚಿಂತೆ ಬೇಡ, ಏನೂ ಆಗುವುದಿಲ್ಲ. ಬಸ್ ಬಂತು, ಉಳಿದದ್ದು ಭಾನುವಾರ ಫೋನಿನಲ್ಲಿ.

ನಿಮ್ಮ
ಸುಮಾ