ಎರಡಂತಸ್ತಿನ ಮನೆಗೆ ಪಿಲ್ಲರ್ ಯಾಕೆ?

ಮಾನ್ಯರೇ,

ಪರಿಸರಕ್ಕೆ ಯಾವುದು ಒಳ್ಳೇದು, ಇಟ್ಟಿಗೆಯೋ ಸಿಮೆಂಟ್ ಬ್ಲಾಕೋ? ಮನೆ ಕಟ್ಟಿಸುವವರು ಸೇರಿದ ಕಡೆಯೆಲ್ಲ ಈ ಚರ್ಚೆ ಇದ್ದೇ ಇರುತ್ತದೆ. ಮೂರು ವರ್ಷದ ಹಿಂದೆ ತುಮಕೂರಿನ 30-40 ಸೈಟಿನಲ್ಲಿ ಮನೆ ಕಟ್ಟಿಸುವಾಗ ನಾನೂ ಇದಕ್ಕೇ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಕೇಳಬೇಕಿದ್ದ ಪ್ರಶ್ನೆಯೇ ಬೇರೆ ಇತ್ತು ಅಂತ ಈಗ ಅನ್ನಿಸುತ್ತದೆ.

ನಮ್ಮ ಎಂಜಿನಿಯರ್ ಮೊದಲ ದಿನವೇ ಪಿಲ್ಲರ್‌ಗಳಿಗೆ ಗುರುತು ಹಾಕಿಸಿದರು. ಕೆಳಗೊಂದು ಮನೆ, ಮೇಲೊಂದು ಮನೆ, ಅಷ್ಟೇ. "ಪಿಲ್ಲರ್ ಇಲ್ದೆ ಆಗಲ್ವಾ ಸಾರ್?" ಅಂದೆ. "ಈಗ ಯಾರು ಹಂಗೆ ಕಟ್ತಾರೆ? ನಾಳೆ ಇನ್ನೊಂದು ಮಹಡಿ ಬೇಕು ಅಂತೀರಿ" ಅಂದರು. ಸುಮ್ನಾದೆ. ಕಂಬಿಯ ಬಿಲ್ ನೋಡಿದಾಗ ಎದೆ ಧಸಕ್ ಅಂತು, ಅಷ್ಟೊತ್ತಿಗೆ ಪಾಯ ಮುಗಿದಿತ್ತು.

ಪಿಲ್ಲರ್, ಬೀಮ್ ಎದ್ದ ಮೇಲೆ ಗೋಡೆ ಬರೀ ಮರೆ. ಭಾರ ಹೊರೋದೆಲ್ಲ ಕಂಬಿ ಮತ್ತು ಕಾಂಕ್ರೀಟು, ಪರಿಸರದ ಲೆಕ್ಕದಲ್ಲಿ ದುಬಾರಿ ಬೀಳೋದೂ ಅವೇ. ಸಿಮೆಂಟಿಗೆ ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿಯಲ್ಲಿ ಸುಡಬೇಕು, ಆಗ ಕಲ್ಲಿದ್ದಲ ಹೊಗೆಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಆ ಕಲ್ಲಿನೊಳಗಿಂದಲೇ ಬಿಡುಗಡೆಯಾಗುತ್ತದೆ. ಹಾರುಬೂದಿ (ಕಲ್ಲಿದ್ದಲು ಸುಟ್ಟು ಉಳಿದ ಬೂದಿ) ಅಥವಾ ಸ್ಲ್ಯಾಗ್ (ಉಕ್ಕಿನ ಕಾರ್ಖಾನೆಯ ಕಿಟ್ಟ) ಬೆರೆಸಿದ ಸಿಮೆಂಟ್ ಹಾಕಿದರೆ ಇದು ಕಡಿಮೆಯಾಗುತ್ತದೆ, ಪೂರ್ತಿ ಹೋಗೋದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲೇ ಕಟ್ಟಡಕ್ಕೆ ಹಾಕುವ ಸಾಮಗ್ರಿ ತಯಾರಾಗಲು ಎಷ್ಟು ಶಕ್ತಿ ಬೇಕು ಅಂತ ಲೆಕ್ಕ ಹಾಕಿ ಪ್ರಕಟಿಸಿದ್ದಾರೆ. ಪಿಲ್ಲರ್ ಹಾಕಿದ ಎಂಟಂತಸ್ತಿನ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೌಲ್ (ಶಕ್ತಿಯನ್ನು ಅಳೆಯುವ ಮಾನ). ಇಟ್ಟಿಗೆ ಗೋಡೆಯೇ ಭಾರ ಹೊರುವ ಎರಡಂತಸ್ತಿನ ಮನೆಗೆ 2.92. ಅಂಥದೇ ಮನೆಯನ್ನು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿನಲ್ಲಿ ಕಟ್ಟಿದರೆ 1.61. ಎಂಟಂತಸ್ತನ್ನು ಎರಡಂತಸ್ತಿಗೆ ಹೋಲಿಸೋದು ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಆದರೆ ನಾವು ಎರಡಂತಸ್ತಿಗೂ ಎಂಟಂತಸ್ತಿನ ರೀತಿಯಲ್ಲೇ ಕಟ್ಟುತ್ತಿದ್ದೇವಲ್ಲ, ಅದೇ ನನ್ನ ತಕರಾರು.

ಹಾಗಂತ ಇಟ್ಟಿಗೆ ಏನು ಸಾಚಾ ಅಲ್ಲ. ಕೆರೆ, ಗದ್ದೆಯ ಮೇಲ್ಮಣ್ಣು ಗೂಡಿಗೆ ಹೋಗುತ್ತದೆ, ಸುಡೋದಕ್ಕೆ ಸೌದೆಯೋ ಕಲ್ಲಿದ್ದಲೋ ಬೇಕು. ಸುಡದ ಮಣ್ಣಿನ ಬ್ಲಾಕಿಗೆ ಈ ಸೌದೆಯ ತಾಪತ್ರಯವಿಲ್ಲ, ಆದರೆ ಎಲ್ಲ ಮಣ್ಣೂ ಆಗಿಬರೋದಿಲ್ಲ, ಮರಳು ಮಿಶ್ರಿತ ಕೆಂಪು ಮಣ್ಣು ಬೇಕು, ಬಯಲುಸೀಮೆಯ ಎರೆ ಮಣ್ಣಿನಲ್ಲಿ ಇದನ್ನು ಮಾಡಲು ಹೋದರೆ ಕೈ ಸುಟ್ಟುಕೊಳ್ಳುತ್ತೀರಿ. ಮಂಗಳೂರು, ಉಡುಪಿ ಕಡೆಯವರಿಗೆ ಕೆಂಪು ಕಲ್ಲು ಕಾಲ ಕೆಳಗೇ ಇದೆ, ಸುಡೋ ಕೆಲಸವೇ ಇಲ್ಲ, ಕಡಿದು ಕಟ್ಟಿದರಾಯಿತು. ಅದೇ ಕಲ್ಲನ್ನು ಲಾರಿಯಲ್ಲಿ ಘಾಟಿ ಹತ್ತಿಸಿ ಬೆಂಗಳೂರಿಗೆ ತಂದು, ಕಾಂಕ್ರೀಟ್ ಮನೆಯ ಮುಂದೆ ಶೋಕಿಗೆ ಅಂಟಿಸಿ 'ಪರಿಸರಸ್ನೇಹಿ' ಅನ್ನುವವರನ್ನೂ ನೋಡಿದ್ದೇನೆ!

ಪಿಲ್ಲರ್ ಬಿಟ್ಟರೆ ಮನೆ ಬಿದ್ದುಹೋಗುತ್ತದೆ ಅನ್ನೋ ಹೆದರಿಕೆ ಜನರಲ್ಲಿದೆ. ಗಟ್ಟಿ ನೆಲ, ಸರಿಯಾದ ದಪ್ಪದ ಗೋಡೆ, ಮೇಲಿನ ಗೋಡೆ ಕೆಳಗಿನ ಗೋಡೆಯ ನೇರಕ್ಕೇ ಬರೋದು, ಬಾಗಿಲು ಕಿಟಕಿಯ ಮೇಲೆ ಮನೆ ಸುತ್ತ ಒಂದು ಕಾಂಕ್ರೀಟ್ ಪಟ್ಟಿ, ಇಷ್ಟನ್ನು ಬಲ್ಲ ಎಂಜಿನಿಯರ್ ಕೂತು ಲೆಕ್ಕ ಹಾಕಿದರೆ ಎರಡಂತಸ್ತು ಆರಾಮಾಗಿ ನಿಲ್ಲುತ್ತದೆ. ಮೋಲ್ಡ್ ಹಾಕುವಾಗಲೂ ಉಳಿತಾಯ ಮಾಡಬಹುದು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟಿಗೆ ಭಾರ ತಡೆಯುವ ಕೆಲಸ ಕಡಿಮೆ, ಆ ಜಾಗಕ್ಕೆ ಹಳೇ ಮಂಗಳೂರು ಹೆಂಚು ತುಂಬಿಸಿದರೆ ಸಿಮೆಂಟು, ತೂಕ ಎರಡೂ ಇಳಿಯುತ್ತವೆ.

ನಾಲ್ಕೈದು ಅಂತಸ್ತಿಗೆ, ಮೆತ್ತನೆ ನೆಲಕ್ಕೆ ಪಿಲ್ಲರ್ ಬೇಕು, ಬೇಡ ಅನ್ನಲ್ಲ. ಉಳಿದವರು ಎಂಜಿನಿಯರ್ ಹತ್ತಿರ ಎರಡು ಎಸ್ಟಿಮೇಟ್ ಕೇಳಿ, ಪಿಲ್ಲರ್ ಇರೋದು ಒಂದು, ಇಲ್ಲದ್ದು ಒಂದು. ಎರಡರಲ್ಲೂ ಎಷ್ಟು ಟನ್ ಕಂಬಿ, ಎಷ್ಟು ಮೂಟೆ ಸಿಮೆಂಟ್ ಅಂತ ಬರೆಸಿಕೊಳ್ಳಿ.

ಅಂದಹಾಗೆ, ಆ ಇನ್ನೊಂದು ಮಹಡಿ ನಾವು ಇನ್ನೂ ಎತ್ತಿಲ್ಲ. ಅದಕ್ಕೆ ಅಂತ ಬಿಟ್ಟ ಕಂಬಿಗಳು ತಾರಸಿಯ ಮೇಲೆ ತುಕ್ಕು ಹಿಡಿದು ನಿಂತಿವೆ. ಮನೆಯವಳು ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾಳೆ.

– ಒಬ್ಬ ಓದುಗ, ತುಮಕೂರು